ಇಪ್ಪತ್ತೈದು ವರ್ಷ ಕಾಯಿಸಿದ ಜೇಸನ್: ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸನ್ ಕುರಿತು ಒಂದು ಚರ್ಚೆ

ಅಕ್ಷರಶಿಲ್ಪ

ವೇದಿಕೆಯ ಎಲ್ಲರಿಗೂ ನಮಸ್ಕಾರ. ಯುರೋಪಿನ ಶಿಲ್ಪಕಲೆಯ ಮಾತು ಬಂದಾಗಲೆಲ್ಲ ನಾವು ಮೈಕೆಲ್ಯಾಂಜೆಲೊನಿಂದ ಹೊರಟು ನೇರವಾಗಿ ರೋಡ್ಯಾನ ಬಳಿಗೆ ಜಿಗಿಯುತ್ತೇವೆ. ನಡುವಿನ ಮುನ್ನೂರು ವರ್ಷಗಳಲ್ಲಿ ಕಲ್ಲು ಕೆತ್ತಿದವರೇ ಇರಲಿಲ್ಲವೇನೋ ಎಂಬಂತೆ! ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯುರೋಪಿನ ಯಾವ ಅರಮನೆಯಲ್ಲಿ ಕೇಳಿದ್ದರೂ ಬದುಕಿರುವ ದೊಡ್ಡ ಶಿಲ್ಪಿಗಳೆಂದು ಎರಡೇ ಹೆಸರು ಮೊದಲಿಗೆ ಬರುತ್ತಿದ್ದವು. ಒಂದು ಇಟಲಿಯ ಕನೋವಾನದು, ಇನ್ನೊಂದು ಡೆನ್ಮಾರ್ಕಿನ ಬರ್ಟೆಲ್ ಥೋರ್ವಾಲ್ಡ್‌ಸನ್‌ನದು. ಈ ಎರಡನೆಯವನ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಒಂದು ಪ್ರಶ್ನೆ ಬಗೆಹರಿಯದ್ದರಿಂದ ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ಮೊದಲು ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಈತ ಹುಟ್ಟಿದ್ದು ಕೋಪನ್‌ಹೇಗನ್ನಿನಲ್ಲಿ, ಸಾಮಾನ್ಯವಾಗಿ ಒಪ್ಪಿಕೊಂಡಿರುವಂತೆ 1770ರ ನವೆಂಬರ್ 19ರಂದು. ತಂದೆ ಗೊಟ್‌ಸ್ಕಾಲ್ಕ್ ಐಸ್‌ಲ್ಯಾಂಡಿನಿಂದ ಬಂದ ಮರಗೆತ್ತನೆಯವನು. ಹಡಗುಗಳ ಮೂತಿಯಲ್ಲಿ ನಿಲ್ಲಿಸುವ ಮರದ ಬೊಂಬೆಗಳನ್ನು ಕೆತ್ತಿ ಹೊಟ್ಟೆ ಹೊರೆಯುತ್ತಿದ್ದನು. ಮನೆಯಲ್ಲಿ ಬಡತನವಿತ್ತು, ಶಾಲೆಯ ಓದು ಹೆಚ್ಚು ಹತ್ತಲಿಲ್ಲ. ಮುಂದೆ ರಾಜರೊಂದಿಗೆ ಕುಳಿತು ಊಟ ಮಾಡುವ ಸ್ಥಿತಿಗೆ ಬಂದ ಮೇಲೂ ಈತ ಕಾಗದ ಬರೆಯಲು ಹಿಂಜರಿಯುತ್ತಿದ್ದನು. ಆದರೆ ಹನ್ನೊಂದನೆಯ ವಯಸ್ಸಿಗೇ ರಾಜಮನೆತನದ ಕಲಾ ಅಕಾಡೆಮಿ ಅವನನ್ನು ಸೇರಿಸಿಕೊಂಡಿತು. ಅಲ್ಲಿಂದ ಒಂದರ ಮೇಲೊಂದು ಪದಕ ಗೆಲ್ಲುತ್ತಾ ಹೋಗಿ 1793ರಲ್ಲಿ ದೊಡ್ಡ ಚಿನ್ನದ ಪದಕವನ್ನೂ, ಅದರ ಜೊತೆಗೆ ಬರುವ ಪ್ರವಾಸ ವೇತನವನ್ನೂ ಪಡೆದನು. 1796ರಲ್ಲಿ ಹಡಗು ಹತ್ತಿ, ಮಾಲ್ಟಾ, ನೇಪಲ್ಸ್ ಸುತ್ತಿಕೊಂಡು 1797ರ ಮಾರ್ಚ್ 8ರಂದು ರೋಮ್ ತಲುಪಿದನು. ಆ ದಿನವನ್ನೇ ತನ್ನ ನಿಜವಾದ ಹುಟ್ಟುಹಬ್ಬವೆಂದು ಕಡೆಯವರೆಗೂ ಆಚರಿಸಿದನಂತೆ.

ರೋಮಿನಲ್ಲಿ ಮೊದಲ ಕೆಲವು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಪುರಾತನ ಶಿಲ್ಪಗಳ ಮುಂದೆ ನಿಂತು ನೋಡುವುದು, ನಕಲು ಮಾಡುವುದು, ಅಲ್ಲೇ ನೆಲೆಸಿದ್ದ ಡೇನಿಶ್ ಪುರಾತತ್ತ್ವಜ್ಞ ಜಾರ್ಜ್ ಜೋಯ್ಗಾನಿಂದ ಬೈಸಿಕೊಳ್ಳುವುದು ಇಷ್ಟೇ. 1801ರಲ್ಲಿ ಹೊನ್ನಿನ ತುಪ್ಪಳವನ್ನು ಗೆದ್ದು ತರುತ್ತಿರುವ ಗ್ರೀಕ್ ವೀರ ಜೇಸನ್‌ನ ಮೂರ್ತಿಯೊಂದನ್ನು ಜೇಡಿಮಣ್ಣಿನಲ್ಲಿ ಮಾಡಿದನು. ಯಾರೂ ಕೇಳಲಿಲ್ಲ, ಅವನೇ ಒಡೆದುಹಾಕಿದನು. ಅದನ್ನೇ ಆಳೆತ್ತರಕ್ಕಿಂತ ದೊಡ್ಡದಾಗಿ ಮತ್ತೆ ಮಾಡಿದಾಗ ಲೇಖಕಿ ಫ್ರೆಡೆರಿಕೆ ಬ್ರೂನ್ ಹಣ ಕೊಟ್ಟು ಅದಕ್ಕೆ ಗಾರೆಯ (ಪ್ಲಾಸ್ಟರಿನ) ಅಚ್ಚು ತೆಗೆಸಿದಳು. ಕನೋವಾ ಬಂದು ನೋಡಿ, ಈ ಡೇನಿಶ್ ಯುವಕನ ಕೆಲಸ ಹೊಸತೂ ಭವ್ಯವೂ ಆದ ಶೈಲಿಯಲ್ಲಿದೆ ಎಂದು ಮೆಚ್ಚಿದನು. ಹೊಗಳಿಕೆ ಬಂತು, ಕೊಳ್ಳುವವರು ಬರಲಿಲ್ಲ. 1803ರಲ್ಲಿ ಕೈಯಲ್ಲಿದ್ದ ಹಣ ಮುಗಿದು, ಊರಿಗೆ ಮರಳಲು ಗಂಟುಮೂಟೆ ಕಟ್ಟಿ, ಗಾಡಿಯೂ ಗೊತ್ತಾಗಿದ್ದಾಗ, ಜೊತೆಗೆ ಹೊರಡಬೇಕಿದ್ದ ಬರ್ಲಿನ್ನಿನ ಶಿಲ್ಪಿಯ ರಹದಾರಿಯಲ್ಲಿ ಏನೋ ತೊಡಕಾಗಿ ಪ್ರಯಾಣ ಮುಂದಕ್ಕೆ ಹೋಯಿತು. ಆ ಬಿಡುವಿನಲ್ಲೇ ಥಾಮಸ್ ಹೋಪ್ ಎಂಬ ಸಿರಿವಂತ ಸಂಗ್ರಾಹಕ ಕಾರ್ಯಾಗಾರಕ್ಕೆ ಬಂದನು. ಅಮೃತಶಿಲೆಯಲ್ಲಿ ಮಾಡಿಕೊಡಲು ಎಷ್ಟು ಎಂದು ಕೇಳಿದನು. ಶಿಲ್ಪಿ 600 ಚಿನ್ನದ ನಾಣ್ಯ ಎಂದರೆ, ಅದು ಕಡಿಮೆಯಾಯಿತೆಂದು ಹೋಪ್ ತಾನೇ 800 ಕೊಡಲು ಒಪ್ಪಿದನಂತೆ.

ಥೋರ್ವಾಲ್ಡ್‌ಸನ್ ರೋಮಿನಲ್ಲೇ ಉಳಿದನು. ಅವನ ಇಡೀ ವೃತ್ತಿಜೀವನ ಆ ಒಂದು ಬೇಡಿಕೆಯಿಂದ ಶುರುವಾಯಿತು. ಆದರೆ ಆ ಜೇಸನ್ ಹೋಪ್‌ನ ಮನೆ ಸೇರಿದ್ದು 1828ರಲ್ಲಿ, ಅಂದರೆ ಇಪ್ಪತ್ತೈದು ವರ್ಷಗಳ ನಂತರ! ಬಾಗಿಲಿಗೆ ಬಂದು ಬದುಕು ಉಳಿಸಿದವನನ್ನೇ ಕಾಲು ಶತಮಾನ ಕಾಯಿಸಿದ್ದು ಏಕೆ? ಸೋಮಾರಿತನವೆನ್ನಲಾಗದು, ಏಕೆಂದರೆ ಅದೇ ಅವಧಿಯಲ್ಲಿ ಅವನ ಕಾರ್ಯಾಗಾರದಿಂದ ನೂರಾರು ಕೃತಿಗಳು ಹೊರಬಿದ್ದಿವೆ. ತಿಳಿದವರು ತಿಳಿಸಿಕೊಡಬೇಕು.

ಉಳಿಪೆಟ್ಟು

ಅಕ್ಷರಶಿಲ್ಪ ಅವರೇ, ನಾನು ಕಲ್ಲಿನ ಕೆಲಸ ಕಲಿತವನು, ಈಗಲೂ ಅದರಿಂದಲೇ ಜೀವನ ನಡೆಸುತ್ತಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಕಾರ್ಯಾಗಾರದ ಒಳಗಿನಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ. ಆ ಕಾಲದ ರೋಮಿನಲ್ಲಿ ಶಿಲ್ಪಿಯೆಂದರೆ ಬಂಡೆಯ ಮುಂದೆ ಚಾಣ ಹಿಡಿದು ನಿಂತವನು ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು.

ಕೆಲಸ ನಡೆಯುತ್ತಿದ್ದುದು ಹೀಗೆ. ಶಿಲ್ಪಿ ಮೊದಲು ಅಂಗೈಯಗಲದ ಮಾದರಿ ಮಾಡುತ್ತಾನೆ. ಅದು ಒಪ್ಪಿಗೆಯಾದರೆ ಕಬ್ಬಿಣದ ಕಂಬಿಗಳ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಪೂರ್ಣ ಗಾತ್ರದಲ್ಲಿ ಜೇಡಿಮಣ್ಣನ್ನು ಮೆತ್ತಿ ಮೂರ್ತಿಯನ್ನು ರೂಪಿಸಲಾಗುತ್ತದೆ. ಮಣ್ಣಿನ ಹದ ಹೋಗದಂತೆ ರಾತ್ರಿ ಒದ್ದೆ ಬಟ್ಟೆ ಹೊದಿಸಬೇಕು. ಎರಡು ದಿನ ಮರೆತರೆ ಮೊದಲು ಬೆರಳುಗಳ ಬುಡದಲ್ಲಿ, ಆಮೇಲೆ ಮೊಣಕಾಲಿನ ಹಿಂದೆ ಬಿರುಕು ಕಾಣಿಸಿಕೊಳ್ಳುತ್ತದೆ. ಮೂರ್ತಿ ಮುಗಿದ ಮೇಲೆ ಅದರ ಮೇಲೆ ಗಾರೆ ಸುರಿದು ಅಚ್ಚು ತೆಗೆಯುತ್ತಾರೆ. ಅಚ್ಚನ್ನು ಬಿಡಿಸುವಾಗ ಒಳಗಿನ ಮಣ್ಣು ಚೂರುಚೂರಾಗಿ ಹೋಗುತ್ತದೆ, ಅಂದರೆ ಶಿಲ್ಪಿಯ ಬೆರಳು ತಾಗಿದ ಮೂಲ ಅಲ್ಲಿಗೆ ಮುಗಿಯಿತು. ಆ ಅಚ್ಚಿನಲ್ಲಿ ಎರಕ ಹೊಯ್ದ ಗಾರೆಯ ಮೂರ್ತಿಯೇ ಮುಂದಿನ ಎಲ್ಲದಕ್ಕೂ ಆಧಾರ. ಮಣ್ಣು ಬದುಕು, ಗಾರೆ ಸಾವು, ಅಮೃತಶಿಲೆ ಪುನರುತ್ಥಾನ ಎಂಬ ಮಾತೊಂದು ಥೋರ್ವಾಲ್ಡ್‌ಸನ್‌ನ ಹೆಸರಿನಲ್ಲಿ ಓಡಾಡುತ್ತದೆ. ಅವನು ಹೇಳಿದನೋ ಬಿಟ್ಟನೋ, ಅಚ್ಚು ಬಿಡಿಸುವ ದಿನ ಹತ್ತಿರ ನಿಂತು ನೋಡಿದವರಿಗೆ ಆ ಮಾತು ಕವಿತೆಯಾಗಿ ಕೇಳಿಸುವುದಿಲ್ಲ.

ಇನ್ನು ಕಲ್ಲಿಗೆ ಇಳಿಸುವುದು. ಗಾರೆಯ ಮೂರ್ತಿಯ ಮೇಲೆ ನೂರಾರು ಕಡೆ ಗುರುತಿನ ಬಿಂದುಗಳನ್ನು ಹಾಕುತ್ತಾರೆ. ಮೂರು ಸ್ಥಿರ ಬಿಂದುಗಳಿಂದ ಪ್ರತಿಯೊಂದರ ದೂರವನ್ನೂ ಆಳವನ್ನೂ ಕೈವಾರ, ತೂಗುಗುಂಡುಗಳಿಂದ ಅಳೆದು, ಅಮೃತಶಿಲೆಯ ದಿಮ್ಮಿಯಲ್ಲಿ ಅಷ್ಟೇ ಆಳಕ್ಕೆ ರಂಧ್ರ ಕೊರೆಯುತ್ತಾರೆ. ರಂಧ್ರದ ತಳ ಸಿಗುವವರೆಗೆ ಕಲ್ಲನ್ನು ತೆಗೆಯುವುದು ಒಬ್ಬರ ಕೆಲಸ, ಕೂದಲು, ಬಟ್ಟೆಯ ಮಡಿಕೆಗಳನ್ನು ಬಿಡಿಸುವುದು ಇನ್ನೊಬ್ಬರ ಕೆಲಸ, ಅರ ಹಾಕಿ, ತಿಕ್ಕಿ ನಯಗೊಳಿಸುವುದು ಮತ್ತೊಬ್ಬರದು. ಯಜಮಾನ ಕೊನೆಯಲ್ಲಿ ಬಂದು ಮುಖ, ಕೈ, ಚರ್ಮದ ಮೇಲ್ಮೈಯನ್ನು ತಿದ್ದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕನೋವಾ ಈ ಕೊನೆಯ ಹಂತವನ್ನು ಬಿಟ್ಟುಕೊಡುತ್ತಿರಲಿಲ್ಲ, ಮೊಂಬತ್ತಿಯ ಬೆಳಕಿನಲ್ಲಿ ನಿಂತು ಮೇಲ್ಮೈ ನೋಡುತ್ತಿದ್ದನು. ಥೋರ್ವಾಲ್ಡ್‌ಸನ್‌ಗೆ ಆ ತಾಳ್ಮೆ ಇರಲಿಲ್ಲ. ಅವನ ಸುಖವೆಲ್ಲ ಮಣ್ಣಿನಲ್ಲಿತ್ತು.

ನನ್ನ ದೃಷ್ಟಿಯಲ್ಲಿ ಜೇಸನ್ ತಡವಾಗಲು ಇದೇ ಮೊದಲ ಕಾರಣ. 1803ರಲ್ಲಿ ಅವನ ಬಳಿ ದೊಡ್ಡ ಕಾರ್ಯಾಗಾರವಿರಲಿಲ್ಲ, ದೊಡ್ಡ ಕಲ್ಲನ್ನು ಮುಗಿಸಿದ ಅನುಭವವೂ ಇರಲಿಲ್ಲ. ಅನುಭವ ಬರುವ ಹೊತ್ತಿಗೆ ಅವನ ಕೈ ಬದಲಾಗಿತ್ತು. ಮೂವತ್ತರಲ್ಲಿ ಮಾಡಿದ ಮಾದರಿಯನ್ನು ನಲವತ್ತೈದರಲ್ಲಿ ಕಲ್ಲಿಗೆ ಇಳಿಸುವಾಗ ಅದರ ತಪ್ಪುಗಳೆಲ್ಲ ಕಣ್ಣಿಗೆ ಹೊಡೆಯುತ್ತವೆ, ಆದರೆ ತಿದ್ದುವ ಹಾಗಿಲ್ಲ, ಗಿರಾಕಿ ಒಪ್ಪಿದ್ದು ಅದನ್ನೇ. ಇಂಥ ಅರ್ಧ ಕೆಲಸವೊಂದು ನನ್ನ ಕೊಟ್ಟಿಗೆಯಲ್ಲೂ ಗೋಣಿತಾಟು ಹೊದ್ದು ಕುಳಿತಿದೆ, ಅದರ ವಯಸ್ಸನ್ನು ಇಲ್ಲಿ ಹೇಳಲಾರೆ.

ಮರುಮಾತು

ಇಬ್ಬರ ಬರಹವೂ ಚೆನ್ನಾಗಿದೆ. ಆದರೆ ನನಗೆ ಈ ಶಿಲ್ಪಿಯ ಬಗ್ಗೆ ಅಷ್ಟು ಭಕ್ತಿಯಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿಪೆಟ್ಟು ಅವರು ವಿವರಿಸಿದ ಕ್ರಮವನ್ನು ಒಪ್ಪಿದರೆ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಸುಮಾರು ನಲವತ್ತು ಮಂದಿ ಸಹಾಯಕರನ್ನು ಇಟ್ಟುಕೊಂಡು, ತಾನು ಮಣ್ಣಿನ ಮಾದರಿ ಮಾಡಿ, ಕೆಲವೊಮ್ಮೆ ಅದನ್ನೂ ಶಿಷ್ಯರಿಂದಲೇ ದೊಡ್ಡದು ಮಾಡಿಸಿ, ಕಲ್ಲನ್ನು ಇಟಲಿಯ ಕೆಲಸಗಾರರಿಗೆ ಒಪ್ಪಿಸಿದವನನ್ನು ಶಿಲ್ಪಿ ಎನ್ನಬೇಕೋ, ಕಾರ್ಖಾನೆಯ ಒಡೆಯ ಎನ್ನಬೇಕೋ?

ಎರಡನೆಯದಾಗಿ ಏಜಿನಾ ಶಿಲ್ಪಗಳ ಪ್ರಸಂಗ. ಗ್ರೀಸಿನ ಏಜಿನಾ ದ್ವೀಪದ ಅಫೈಯಾ ದೇಗುಲದಲ್ಲಿ 1811ರಲ್ಲಿ ಸಿಕ್ಕ ಪ್ರಾಚೀನ ಯೋಧರ ಮೂರ್ತಿಗಳನ್ನು ಬವೇರಿಯಾದ ಯುವರಾಜ ಲುಡ್ವಿಗ್ ಕೊಂಡು, ತುಂಡಾದ ಭಾಗಗಳನ್ನು ಸರಿಪಡಿಸಲು ಥೋರ್ವಾಲ್ಡ್‌ಸನ್‌ನ ಕೈಗೆ ಕೊಟ್ಟನು. 1816ರಿಂದ 1818ರ ನಡುವೆ ಆತ ಮೂಲದ ಮುರಿದ ಅಂಚುಗಳನ್ನು ನಯಮಾಡಿಸಿ, ಹೊಸ ತಲೆ, ಕೈಕಾಲುಗಳನ್ನು ಜೋಡಿಸಿದನು. ಹೊಸತು ಯಾವುದು, ಹಳೆಯದು ಯಾವುದು ಎಂದು ಕೇಳಿದವರಿಗೆ ತನಗೇ ನೆನಪಿಲ್ಲ, ನೋಡಿದರೆ ಗೊತ್ತೂ ಆಗುವುದಿಲ್ಲ ಎಂದನೆಂಬ ಕಥೆಯಿದೆ. ಅಂದು ಅದು ಹೊಗಳಿಕೆ, ಇಂದು ಅದೇ ದೂರು. ಮ್ಯೂನಿಕ್ಕಿನ ಗ್ಲಿಪ್ಟೊಥೆಕ್ ಸಂಗ್ರಹಾಲಯದವರು 1960ರ ದಶಕದಲ್ಲಿ ಅವನು ಸೇರಿಸಿದ ಭಾಗಗಳನ್ನೆಲ್ಲ ಕಳಚಿ ತೆಗೆದರು.

ಮೂರನೆಯದು ಸ್ವಭಾವದ ಮಾತು. ಆನಾ ಮಾರಿಯಾ ಮಾನ್ಯಾನಿ ಎಂಬ ಹೆಂಗಸಿನೊಂದಿಗೆ ವರ್ಷಗಟ್ಟಲೆ ಸಂಬಂಧವಿಟ್ಟುಕೊಂಡು ಅವಳನ್ನು ಮದುವೆಯಾಗಲಿಲ್ಲ. 1813ರಲ್ಲಿ ಹುಟ್ಟಿದ ಮಗಳು ಎಲಿಸಾಳನ್ನು ಮಾತ್ರ ತನ್ನವಳೆಂದು ಒಪ್ಪಿಕೊಂಡನು. ಆಮೇಲೆ ಫ್ರಾನ್ಸಿಸ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಮಹಿಳೆಗೆ ಮದುವೆಯ ಆಸೆ ಹುಟ್ಟಿಸಿ ಕೈಬಿಟ್ಟನು. ಹೋಪ್‌ನನ್ನು ಕಾಯಿಸಿದ್ದು ಈ ಸ್ವಭಾವದ್ದೇ ಇನ್ನೊಂದು ಮುಖ ಎಂದು ನನಗೆ ತೋರುತ್ತದೆ. ಒಪ್ಪಿಕೊಳ್ಳುವುದು ಸುಲಭ, ಮುಗಿಸುವುದು ಬೇಡ.

ಅಕ್ಷರಶಿಲ್ಪ

ಮರುಮಾತು ಅವರೇ, ಕೊನೆಯ ಆರೋಪಕ್ಕೆ ನನ್ನಲ್ಲಿ ಸಮಾಧಾನವಿಲ್ಲ, ಅದು ನಿಜವೇ. ಆದರೆ ಮುಗಿಸಲಾರದವನು ಎಂಬ ಮಾತಿಗೆ ಮಾತ್ರ ತಕರಾರಿದೆ. 1812ರ ಉದಾಹರಣೆ ನೋಡಿ. ನೆಪೋಲಿಯನ್ ರೋಮಿಗೆ ಬರುತ್ತಾನೆಂಬ ಸುದ್ದಿಯಿಂದ ಕ್ವಿರಿನಾಲೆ ಅರಮನೆಯನ್ನು ಸಜ್ಜುಗೊಳಿಸುತ್ತಿದ್ದಾಗ, ಒಂದು ಸಭಾಂಗಣದ ಗೋಡೆಯ ಮೇಲ್ಭಾಗಕ್ಕೆ ಉದ್ದನೆಯ ಉಬ್ಬುಶಿಲ್ಪದ ಪಟ್ಟಿಕೆ ಬೇಕಾಯಿತು. ಥೋರ್ವಾಲ್ಡ್‌ಸನ್ ಅಲೆಕ್ಸಾಂಡರ್ ಬ್ಯಾಬಿಲೋನ್ ನಗರವನ್ನು ಪ್ರವೇಶಿಸುವ ದೃಶ್ಯವನ್ನು ಆರಿಸಿಕೊಂಡು, ಮೂವತ್ತು ಮೀಟರಿಗೂ ಮೀರಿದ ಆ ಪಟ್ಟಿಕೆಯನ್ನು ಸುಮಾರು ಮೂರೇ ತಿಂಗಳಲ್ಲಿ ಮಾಡಿ ಮುಗಿಸಿದನು. ಕುದುರೆಗಳು, ರಥ, ಶರಣಾಗಲು ಬರುವ ನಗರದವರು, ನದಿಯ ದಡದಲ್ಲಿ ಏನೂ ಆಗಿಲ್ಲವೆಂಬಂತೆ ಗಾಳ ಹಾಕಿ ಕುಳಿತ ಬೆಸ್ತ, ಎಲ್ಲವೂ ಅದರಲ್ಲಿವೆ. ಆ ಬೆಸ್ತನಿಗಾಗಿಯೇ ನನಗೆ ಆ ಪಟ್ಟಿಕೆ ಇಷ್ಟ. ನೆಪೋಲಿಯನ್ ಅದೇ ವರ್ಷ ರಷ್ಯಾಕ್ಕೆ ಹೋಗಿ ಸೋತನು, ರೋಮಿಗೆ ಬರಲೇ ಇಲ್ಲ. ಪಟ್ಟಿಕೆಯ ಅಮೃತಶಿಲೆಯ ಪ್ರತಿಯನ್ನು ಮುಂದೆ ಸೊಮ್ಮಾರಿವಾ ಎಂಬ ಇಟಲಿಯ ಸಿರಿವಂತ ಕೊಂಡನು. ಅದು ಕೋಮೊ ಸರೋವರದ ದಂಡೆಯ ವಿಲ್ಲಾ ಕಾರ್ಲೊತ್ತಾದಲ್ಲಿ ಈಗಲೂ ಇದೆ.

ಕಾರ್ಖಾನೆಯ ಪ್ರಶ್ನೆಗೂ ಒಂದು ಉದಾಹರಣೆಯಿಂದಲೇ ಉತ್ತರಿಸುತ್ತೇನೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಸಾಯುತ್ತಿರುವ ಸಿಂಹದ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1792ರ ಆಗಸ್ಟ್ 10ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ದೊರೆಯ ಕಾವಲಿಗಿದ್ದು ಸತ್ತ ಸ್ವಿಸ್ ಸೈನಿಕರ ಸ್ಮಾರಕವದು. ಥೋರ್ವಾಲ್ಡ್‌ಸನ್ ಮಾಡಿದ್ದು ಅದರ ಮಾದರಿಯನ್ನು ಮಾತ್ರ. ಹಳೆಯ ಕಲ್ಲುಗಣಿಯ ಮರಳುಗಲ್ಲಿನ ಗೋಡೆಯಲ್ಲಿ ಸುಮಾರು ಹತ್ತು ಮೀಟರ್ ಉದ್ದಕ್ಕೆ ಅದನ್ನು ಕಡೆದವನು ಲೂಕಾಸ್ ಆಹೋರ್ನ್, 1821ರಲ್ಲಿ. ಪಕ್ಕೆಯಲ್ಲಿ ಮುರಿದ ಈಟಿ ನೆಟ್ಟಿದ್ದರೂ ಸಿಂಹದ ಮುಂಗಾಲು ಫ್ರಾನ್ಸ್ ರಾಜವಂಶದ ಗುರಾಣಿಯನ್ನು ಬಿಟ್ಟಿಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಅದನ್ನು ಲೋಕದಲ್ಲೇ ಅತ್ಯಂತ ಶೋಕಭರಿತ ಕಲ್ಲೆಂದು ಕರೆದನು. ಆ ಶೋಕವನ್ನು ಕಂಡುಕೊಂಡವನೊಬ್ಬ, ಕಲ್ಲಿನಿಂದ ಹೊರತೆಗೆದವನೊಬ್ಬ. ಇಬ್ಬರಲ್ಲಿ ಯಾರನ್ನು ಬಿಟ್ಟರೂ ಆ ಸಿಂಹವಿಲ್ಲ. ಆಹೋರ್ನ್‌ನ ಹೆಸರು ಇನ್ನೂ ದೊಡ್ಡ ಅಕ್ಷರದಲ್ಲಿ ಬರಬೇಕಿತ್ತು ಎಂಬುದನ್ನು ಒಪ್ಪುತ್ತೇನೆ.

ಏಜಿನಾ ಕೆಲಸದ ಬಗ್ಗೆ ಒಂದೇ ಮಾತು. ಆ ಶಿಲ್ಪಗಳ ಬಿಗಿಯಾದ, ಇನ್ನೂ ಕಣ್ಣುಬಿಡದಂತಿರುವ ಚೆಲುವು ಅವನ ಮೇಲೆ ಪರಿಣಾಮ ಬೀರಿತು. 1817ರಲ್ಲಿ ಅದೇ ಹಳೆಯ ಶೈಲಿಯಲ್ಲಿ ಭರವಸೆಯ ದೇವತೆಯ ಮೂರ್ತಿಯೊಂದನ್ನು ಮಾಡಿದನು: ನೆಟ್ಟಗೆ ನಿಂತ ಹೆಣ್ಣು, ಒಂದು ಕೈಯಲ್ಲಿ ಹೂಮೊಗ್ಗು, ಇನ್ನೊಂದು ಕೈಯಲ್ಲಿ ಸೆರಗಿನ ಅಂಚು. ಇಂಗ್ಲಿಷಿನಲ್ಲಿ ಭರವಸೆಗೂ ಹೋಪ್ ಎಂದೇ ಹೆಸರು. ಕಾಯುತ್ತಾ ಕುಳಿತಿದ್ದ ಆ ಗಿರಾಕಿಗೆ ಈ ಸುದ್ದಿ ತಲುಪಿದ್ದರೆ ಏನೆನ್ನಿಸುತ್ತಿತ್ತೋ!

ಇತಿಹಾಸದ ಮೇಷ್ಟ್ರು

ಎಲ್ಲರ ಬರಹವನ್ನೂ ಓದಿದೆ. ನಾನು ಕಲೆ ತಿಳಿದವನಲ್ಲ, ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಹೊರಗಿನ ಕಾರಣಗಳ ಕಡೆ ಗಮನ ಸೆಳೆಯುತ್ತೇನೆ.

ಥೋರ್ವಾಲ್ಡ್‌ಸನ್ ರೋಮಿನಲ್ಲಿ ಮೇಲೇರುತ್ತಿದ್ದ ವರ್ಷಗಳಲ್ಲೇ ಅವನ ತಾಯ್ನಾಡು ಕುಸಿಯುತ್ತಿತ್ತು. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆ ಕೋಪನ್‌ಹೇಗನ್ನಿನ ಮೇಲೆ ಬೆಂಕಿಯ ಮಳೆ ಸುರಿಸಿ, ಡೇನರ ಹಡಗುಗಳನ್ನೆಲ್ಲ ಹಿಡಿದುಕೊಂಡು ಹೋಯಿತು. ನಗರದ ಮುಖ್ಯ ಚರ್ಚು ಸುಟ್ಟುಹೋಯಿತು. 1813ರಲ್ಲಿ ಸರ್ಕಾರ ದಿವಾಳಿಯೆದ್ದಿತು. 1814ರಲ್ಲಿ ನಾರ್ವೆ ಕೈಬಿಟ್ಟುಹೋಯಿತು. ಇಷ್ಟೆಲ್ಲ ಕಳೆದುಕೊಂಡ ಸಣ್ಣ ದೇಶವೊಂದಕ್ಕೆ, ಪೋಪರೂ ಚಕ್ರವರ್ತಿಗಳೂ ಬಾಗಿಲಿಗೆ ಬರುವಂಥ ಮಗನೊಬ್ಬ ರೋಮಿನಲ್ಲಿದ್ದಾನೆ ಎಂಬುದು ಎಷ್ಟು ದೊಡ್ಡ ಆಸರೆಯಾಗಿದ್ದಿರಬೇಕು! 1819ರಲ್ಲಿ ಅವನು ಇಪ್ಪತ್ತಮೂರು ವರ್ಷಗಳ ನಂತರ ಊರಿಗೆ ಬಂದಾಗ, ಸುಟ್ಟಿದ್ದ ಆ ಚರ್ಚಿನ ಹೊಸ ಕಟ್ಟಡಕ್ಕೆ ಕ್ರಿಸ್ತನ ಮೂರ್ತಿಯನ್ನೂ ಹನ್ನೆರಡು ಶಿಷ್ಯರ ಮೂರ್ತಿಗಳನ್ನೂ ಮಾಡಿಕೊಡುವ ಹೊಣೆ ಬಂತು.

ಇದರ ಜೊತೆಗೆ ಪೋಲೆಂಡಿನ ವಾರ್ಸಾ ನಗರದ ಬೇಡಿಕೆಗಳು: ಖಗೋಳಜ್ಞ ಕೊಪರ್ನಿಕಸ್‌ನ ಮೂರ್ತಿ ಮತ್ತು ಸೇನಾನಿ ಪೊನ್ಯಾತೊವ್‌ಸ್ಕಿಯ ಕುದುರೆ ಸವಾರಿಯ ಮೂರ್ತಿ. ಇವೆರಡರ ಮುಂದಿನ ಕಥೆ ಒಂದು ಪಾಠಕ್ಕೆ ಸಾಕಾಗುವಷ್ಟಿದೆ. ಕೊಪರ್ನಿಕಸ್ 1830ರಲ್ಲಿ ಅನಾವರಣಗೊಂಡನು. ಪೊನ್ಯಾತೊವ್‌ಸ್ಕಿಯ ಎರಕ ಸಿದ್ಧವಾಗುವ ಹೊತ್ತಿಗೆ ರಷ್ಯಾದ ಆಳ್ವಿಕೆಯ ವಿರುದ್ಧ ಎದ್ದ ಪೋಲರ ದಂಗೆ ಸೋತಿತ್ತು. ರಷ್ಯನ್ನರು ಮೂರ್ತಿಯನ್ನು ನಿಲ್ಲಿಸಗೊಡದೆ, ದಂಗೆ ಅಡಗಿಸಿದ ಪಾಸ್ಕೇವಿಚ್‌ನಿಗೆ ಕೊಟ್ಟರು, ಅದು ಅವನ ಹೋಮೆಲ್ ಎಸ್ಟೇಟಿಗೆ ಹೋಯಿತು. 1920ರ ದಶಕದಲ್ಲಿ ವಾರ್ಸಾಗೆ ಮರಳಿತು, 1944ರಲ್ಲಿ ಜರ್ಮನ್ನರು ಅದನ್ನು ಸ್ಫೋಟಿಸಿದರು. ಕೋಪನ್‌ಹೇಗನ್ನಿನಲ್ಲಿ ಉಳಿದಿದ್ದ ಮಾದರಿಯಿಂದ ಹೊಸ ಎರಕ ಹೊಯ್ಯಿಸಿ ಡೆನ್ಮಾರ್ಕ್ ಪೋಲೆಂಡಿಗೆ ಉಡುಗೊರೆಯಾಗಿ ಕೊಟ್ಟಿತು. ಉಳಿಪೆಟ್ಟು ಅವರು ಗಾರೆಯನ್ನು ಸಾವು ಎಂದರು. ಇಲ್ಲಿ ಗಾರೆಯೇ ಮರುಜನ್ಮ ಕೊಟ್ಟಿತು.

ವ್ಯಾಟಿಕನ್‌ನ ಸಂತ ಪೀಟರ್ ಚರ್ಚಿನಲ್ಲಿ ಏಳನೆಯ ಪಯಸ್ ಪೋಪರ ಸಮಾಧಿ ಶಿಲ್ಪವೂ ಇವನದೇ, ಅದು 1831ರಲ್ಲಿ ಸ್ಥಾಪನೆಯಾಯಿತು. ಪ್ರಾಟೆಸ್ಟಂಟ್ ಒಬ್ಬನಿಗೆ ಆ ಕೆಲಸ ಸಿಕ್ಕಿದ್ದೇ ಹಲವರಿಗೆ ನುಂಗಲಾರದ ತುತ್ತಾಗಿತ್ತು. ಕವಿ ಬೈರನ್ 1817ರಲ್ಲಿ ಇವನ ಮುಂದೆ ಕುಳಿತು ಮುಖಶಿಲ್ಪ ಮಾಡಿಸಿಕೊಂಡ ಪ್ರಸಂಗವನ್ನು ಮಕ್ಕಳಿಗೆ ಹೇಳಿ ನಗಿಸುತ್ತಿದ್ದೆ. ಬೈರನ್ ಕುಳಿತ ಕೂಡಲೇ ಮುಖವನ್ನು ದುಃಖದಿಂದ ಗಂಟುಹಾಕಿಕೊಂಡನಂತೆ, ಶಿಲ್ಪಿ ಆ ಮುಖಭಾವ ಬೇಡ ಎಂದನಂತೆ, ಮುಗಿದ ಮೇಲೆ ನೋಡಿದ ಬೈರನ್ ಇದು ನನ್ನಂತಿಲ್ಲ, ನಾನು ಇದಕ್ಕಿಂತ ದುಃಖಿ ಎಂದನಂತೆ. ಕವಿ ಸತ್ತ ಮೇಲೆ ಥೋರ್ವಾಲ್ಡ್‌ಸನ್ ಮಾಡಿದ ಅವನ ದೊಡ್ಡ ಮೂರ್ತಿಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನವರು ಒಳಗೆ ಬಿಟ್ಟುಕೊಳ್ಳಲಿಲ್ಲ. ವರ್ಷಗಟ್ಟಲೆ ಲಂಡನ್ನಿನ ಸುಂಕದ ಕಟ್ಟೆಯಲ್ಲಿ ಬಿದ್ದಿದ್ದು, 1840ರ ದಶಕದಲ್ಲಿ ಅದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯ ಸೇರಿತು.

ಇಷ್ಟು ಹೇಳಿದ್ದರ ಉದ್ದೇಶವಿಷ್ಟೇ. ಅಕ್ಷರಶಿಲ್ಪ ಅವರೇ, ನಿಮ್ಮ ಹೋಪ್ ಒಬ್ಬ ಖಾಸಗಿ ಗಿರಾಕಿ. ಅವನ ಹಿಂದೆ ಸರದಿಗೆ ಬಂದವರು ಪೋಪರ ಮಂತ್ರಿ, ಬವೇರಿಯಾದ ಯುವರಾಜ, ಡೆನ್ಮಾರ್ಕಿನ ದೊರೆ. ಸರದಿ ತಪ್ಪುವುದು ಸಹಜವಾಗಿತ್ತು.

ಉತ್ತರದ ನೆಲ

ಮೇಷ್ಟ್ರಿಗೂ ಉಳಿದ ಸದಸ್ಯರಿಗೂ ನಮಸ್ಕಾರ. ಮಂಡ್ಯ ಕಡೆಯವಳು, ಮದುವೆಯಾಗಿ ಬಂದು ಕೋಪನ್‌ಹೇಗನ್ನಿನಲ್ಲಿ ನೆಲೆಸಿದ್ದೇನೆ. ಒಂದು ಚಿಕ್ಕ ತಿದ್ದುಪಡಿಯಿಂದ ಆರಂಭಿಸುತ್ತೇನೆ: ಇಲ್ಲಿನವರ ಬಾಯಲ್ಲಿ ಆ ಹೆಸರು ಹೆಚ್ಚುಕಡಿಮೆ ‘ಟೋರ್ವಾಲ್ಸನ್’ ಎಂದು ಕೇಳಿಸುತ್ತದೆ. ನಡುವಿನ ‘ಡ’ಕಾರವನ್ನು ನುಂಗಿಬಿಡುತ್ತಾರೆ. ಕನ್ನಡದಲ್ಲಿ ಬರೆದಿರುವ ರೂಪ ಹೇಗೂ ಇರಲಿ, ಬಸ್ಸಿನಲ್ಲಿ ದಾರಿ ಕೇಳುವಾಗ ಮಾತ್ರ ಇದು ನೆನಪಿರಲಿ.

ಅವನ ಹೆಸರಿನ ಸಂಗ್ರಹಾಲಯ ಕ್ರಿಶ್ಚಿಯಾನ್ಸ್‌ಬೋರ್ಗ್ ಅರಮನೆಯ ಪಕ್ಕದಲ್ಲಿ, ಕಾಲುವೆಯ ದಂಡೆಯಲ್ಲಿದೆ. ಮೊದಲು ಅಲ್ಲಿ ರಾಜರ ಸಾರೋಟುಗಳನ್ನು ನಿಲ್ಲಿಸುವ ಕೊಟ್ಟಿಗೆಯಿತ್ತಂತೆ. ಬಿಂದೆಸ್‌ಬೋಲ್ ಎಂಬ ವಾಸ್ತುಶಿಲ್ಪಿ ಅದನ್ನು ಬದಲಿಸಿ ಕಟ್ಟಿದನು, 1848ರ ಸೆಪ್ಟೆಂಬರಿನಲ್ಲಿ ಅದು ತೆರೆಯಿತು. ಈ ಊರಿನ ಬೂದು ಆಕಾಶದ ಕೆಳಗೆ ಅದರ ಅರಿಶಿನ ಬಣ್ಣದ ಗೋಡೆಗಳು ದೂರದಿಂದಲೇ ಕಣ್ಣು ಸೆಳೆಯುತ್ತವೆ. ಹೊರಗೋಡೆಯ ಸುತ್ತ ಚಿತ್ರಪಟ್ಟಿಕೆಯೊಂದು ಓಡುತ್ತದೆ. ಒಂದು ಕಡೆ 1838ರ ಸೆಪ್ಟೆಂಬರ್ 17ರಂದು ಶಿಲ್ಪಿ ‘ರೋಟಾ’ ಎಂಬ ಯುದ್ಧನೌಕೆಯಲ್ಲಿ ಊರಿಗೆ ಮರಳಿದ ದೃಶ್ಯವಿದೆ. ದೋಣಿಗಳು ಮುತ್ತಿಕೊಂಡಿವೆ, ಗಂಡಸರು ಟೋಪಿ ಬೀಸುತ್ತಿದ್ದಾರೆ. ಅಂದು ಜನ ಅವನ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರೆಂದು ಇಲ್ಲಿ ಹೇಳುತ್ತಾರೆ. ಇನ್ನೊಂದು ಕಡೆ ಮೂರ್ತಿಗಳನ್ನು ಹಡಗಿನಿಂದ ಇಳಿಸಿ ಹೊತ್ತೊಯ್ಯುವ ಕೂಲಿಕಾರರಿದ್ದಾರೆ. ಮರುಮಾತು ಅವರೇ, ಕಲ್ಲು ಹೊತ್ತವರನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಿದ ಸಂಗ್ರಹಾಲಯ ಇನ್ನೊಂದನ್ನು ನಾನು ನೋಡಿಲ್ಲ.

ಒಳಗೆ ಪ್ರತಿ ಕೋಣೆಯ ಗೋಡೆಗೂ ಗಾಢವಾದ ಬೇರೆಬೇರೆ ಬಣ್ಣ, ಪ್ರತಿ ಕೋಣೆಯ ನೆಲಕ್ಕೂ ಬೇರೆಬೇರೆ ವಿನ್ಯಾಸ. ಬಿಳಿಯ ಮೂರ್ತಿ ಬಣ್ಣದ ಮುಂದೆ ನಿಂತಾಗ ಅದರ ಹೊರರೇಖೆ ಚಾಕುವಿನಿಂದ ಕತ್ತರಿಸಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಹದ್ದಿಗೆ ಬಟ್ಟಲಿನಲ್ಲಿ ಕುಡಿಯಲು ಕೊಡುತ್ತಾ ಮಂಡಿಯೂರಿದ ಗ್ರೀಕ್ ಪುರಾಣದ ಹುಡುಗ ಗ್ಯಾನಿಮೀಡ್. ಹದ್ದಿನ ಕೊಕ್ಕು ಬಟ್ಟಲ ಅಂಚಿಗೆ ಬಾಗಿರುವ ಆ ಜಾಗದಲ್ಲಿ ಕಲ್ಲಿನೊಳಗೆ ನೀರಿದೆಯೇನೋ ಎನ್ನಿಸುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಬಗ್ಗಿ ನೋಡಿದ್ದಳು.

ಕಟ್ಟಡದ ನಡುವೆ ತೆರೆದ ಅಂಗಳವಿದೆ, ಗೋಡೆಗಳ ಮೇಲೆ ತಾಳೆಮರಗಳ ಚಿತ್ರವಿದೆ, ನಡುವೆ ಹಸಿರು ಬಳ್ಳಿ ಹಬ್ಬಿದ ತಗ್ಗಾದ ಸಮಾಧಿಯಿದೆ. ಅವನನ್ನು ಹೂಳಿರುವುದು ಅಲ್ಲೇ. 1844ರ ಮಾರ್ಚ್ 24ರಂದು ಬೆಳಿಗ್ಗೆ ಧರ್ಮಸುಧಾರಕ ಲೂಥರನ ಮುಖಶಿಲ್ಪದ ಮಣ್ಣನ್ನು ತಿದ್ದಿ, ಗೆಳೆಯರೊಂದಿಗೆ ಊಟ ಮಾಡಿ, ಸಂಜೆ ರಾಯಲ್ ಥಿಯೇಟರಿಗೆ ಹೋಗಿ ತನ್ನ ಆಸನದಲ್ಲಿ ಕುಳಿತವನು ಅಲ್ಲೇ ಪ್ರಾಣಬಿಟ್ಟನು.

ಮೇಷ್ಟ್ರು ಹೇಳಿದ ಚರ್ಚು ಅಲ್ಲಿಂದ ನಡೆದುಹೋಗುವಷ್ಟೇ ದೂರ. ಎರಡು ಬದಿಗೂ ಶಿಷ್ಯರು ಸಾಲಾಗಿ ನಿಂತಿದ್ದಾರೆ, ದ್ರೋಹ ಬಗೆದ ಜೂದಾಸನ ಜಾಗದಲ್ಲಿ ಪೌಲನಿದ್ದಾನೆ. ಕೊನೆಯಲ್ಲಿ ಮೂರು ಮೀಟರಿಗೂ ಎತ್ತರದ ಕ್ರಿಸ್ತ, ತೋಳುಗಳನ್ನು ಕೆಳಮುಖವಾಗಿ ಚಾಚಿ, ತಲೆ ಬಾಗಿಸಿ ನಿಂತಿದ್ದಾನೆ. ಪೀಠದ ಮೇಲೆ ‘ನನ್ನ ಬಳಿಗೆ ಬನ್ನಿರಿ’ ಎಂಬ ಮಾತಿದೆ. ಮುಖವನ್ನು ಸರಿಯಾಗಿ ನೋಡಬೇಕಾದರೆ ಮಂಡಿಯೂರಬೇಕು ಎಂದು ಇಲ್ಲಿನವರು ಹೇಳುವುದುಂಟು. ನಾನು ಊರಿ ನೋಡಿದ್ದೇನೆ, ಅದು ನಿಜ. ಅದರ ಪ್ರತಿಗಳು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲೂ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲೂ ಇವೆ. ಶಿಷ್ಯರ ಮೂರ್ತಿಗಳಲ್ಲಿ ಎಲ್ಲದಕ್ಕೂ ಅಷ್ಟೊಂದು ಜೀವವಿಲ್ಲ, ಸಹಾಯಕರ ಕೈ ಹೆಚ್ಚು ಓಡಾಡಿದ್ದು ನನ್ನಂಥವಳಿಗೂ ತಿಳಿಯುತ್ತದೆ.

ಮರುಮಾತು

ಅಕ್ಕ, ಗೋಡೆಯ ಮೇಲಿನ ಕೂಲಿಕಾರರ ವಿಷಯ ನನಗೆ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಕೃತಜ್ಞ. ಕಾರ್ಖಾನೆಯ ಒಡೆಯ ಎಂಬ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧಕ್ಕೆ ಶಿಷ್ಯರ ಮೂರ್ತಿಗಳ ಬಗ್ಗೆ ನೀವೇ ಸಾಕ್ಷಿ ಹೇಳಿದ್ದೀರಿ. ಆದರೆ ಮೇಷ್ಟ್ರ ವಾದವನ್ನು ಒಪ್ಪಲಾರೆ. ಹೋಪ್ ಮುಂಗಡ ಕೊಟ್ಟ ಮೊದಲಿಗ, ರಾಜರು ಆಮೇಲೆ ಬಂದವರು. ದೊಡ್ಡವರು ಬಂದರೆಂದು ಮೊದಲಿಗನನ್ನು ಹಿಂದೆ ತಳ್ಳುವುದನ್ನು ನಮ್ಮ ಕಚೇರಿಗಳಲ್ಲಿ ದಿನವೂ ನೋಡುತ್ತೇವೆ, ಅದಕ್ಕೆ ನಾವು ಸಹಜ ಎಂಬ ಹೆಸರಿಡುವುದಿಲ್ಲ.

ಇತಿಹಾಸದ ಮೇಷ್ಟ್ರು

ಒಪ್ಪಿದೆ. ಸಹಜ ಎಂಬ ಪದ ನನ್ನದು, ಸರಿ ಎಂದು ನಾನು ಹೇಳಲಿಲ್ಲ.

ಅಕ್ಷರಶಿಲ್ಪ

ಎಲ್ಲರಿಗೂ ಧನ್ಯವಾದಗಳು. ಉಳಿಪೆಟ್ಟು ಅವರ ಕಾರಣವೇ ನನಗೆ ಹೆಚ್ಚು ಹತ್ತಿರವೆನಿಸುತ್ತದೆ, ಏಕೆಂದರೆ ತಡಮಾಡಿದ್ದು ಅವನಿಗೇ ಚುಚ್ಚುತ್ತಿತ್ತು ಎಂಬುದಕ್ಕೆ ಕುರುಹು ಇದೆ: 1828ರಲ್ಲಿ ಜೇಸನ್ ಜೊತೆಗೆ ಪರಿಹಾರವಾಗಿ ಉಬ್ಬುಶಿಲ್ಪಗಳನ್ನೂ ಹೋಪ್‌ಗೆ ಕಳುಹಿಸಿಕೊಟ್ಟನು. ಹೋಪ್ ಅದನ್ನು ಮನೆಯಲ್ಲಿಟ್ಟು ನೋಡಿದ್ದು ಮೂರೇ ವರ್ಷ, 1831ರಲ್ಲಿ ತೀರಿಕೊಂಡನು. ಆ ಮನೆತನದ ಸಂಗ್ರಹ 1917ರಲ್ಲಿ ಹರಾಜಿಗೆ ಬಂದಾಗ ಥೋರ್ವಾಲ್ಡ್‌ಸನ್ ಸಂಗ್ರಹಾಲಯವೇ ಜೇಸನ್‌ನನ್ನು ಕೊಂಡಿತು.

ಇನ್ನೊಂದು ಮೂರ್ತಿಯ ಬಗ್ಗೆ ಹೇಳಲು ಮರೆತಿದ್ದೆ. 1839ರಲ್ಲಿ ನ್ಯುಸೋ ಎಂಬಲ್ಲಿನ ಸ್ಟಾಂಪೆ ಮನೆತನದ ಬಂಗಲೆಯಲ್ಲಿದ್ದಾಗ, ಆ ಮನೆಯೊಡತಿಯ ಒತ್ತಾಯಕ್ಕೆ ಆತ ತನ್ನದೇ ಮೂರ್ತಿಯನ್ನು ಮಾಡಿಕೊಂಡನು. ಕೆಲಸದ ಉಡುಪಿನಲ್ಲಿ, ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾನೆ. ಒರಗಿಕೊಂಡಿರುವುದು 1817ರ ಆ ಭರವಸೆಯ ದೇವತೆಗೆ. ದೊರೆಗಳ ಪದಕಗಳು ಪೆಟ್ಟಿಗೆ ತುಂಬ ಇದ್ದವು, ಅವುಗಳಲ್ಲಿ ಒಂದನ್ನೂ ಆ ಎದೆಯ ಮೇಲೆ ಹಾಕಿಕೊಂಡಿಲ್ಲ.

ಉಳಿಪೆಟ್ಟು

ಉತ್ತರದ ನೆಲ ಅಕ್ಕನವರಲ್ಲಿ ಒಂದು ಕೋರಿಕೆ. ಹಾಗಿದ್ದರೆ ಜೇಸನ್‌ನ ಮೂಲ ಗಾರೆಯ ಮೂರ್ತಿಯೂ ಹೋಪ್‌ಗೆ ಮಾಡಿದ ಅಮೃತಶಿಲೆಯ ಮೂರ್ತಿಯೂ ಈಗ ಒಂದೇ ಸಂಗ್ರಹಾಲಯದಲ್ಲಿವೆ ಎಂದಾಯಿತು. ಎರಡರ ನಡುವೆ ಇಪ್ಪತ್ತೈದು ವರ್ಷದ ಅಂತರವಿದೆ. ಮುಖ ತಿರುಗಿಸಿರುವ ಕಡೆ ಕತ್ತಿನ ಮಡಿಕೆ, ತುಪ್ಪಳ ಜೋತುಬಿದ್ದ ತೋಳಿನ ಮಣಿಕಟ್ಟು, ಭಾರ ಹೊತ್ತ ಕಾಲಿನ ಮಂಡಿಚಿಪ್ಪು, ಈ ಮೂರು ಕಡೆ ಎರಡನ್ನೂ ಹೋಲಿಸಿ ನೋಡಿ ತಿಳಿಸುವಿರಾ? ಅವನ ಕೈ ನಿಜವಾಗಿ ಬದಲಾಗಿತ್ತೋ, ಅಥವಾ ನಾನು ನನ್ನ ಕೊಟ್ಟಿಗೆಯ ಕಲ್ಲಿಗೆ ನೆಪ ಹುಡುಕುತ್ತಿದ್ದೇನೋ, ಅಲ್ಲಿ ಗೊತ್ತಾಗುತ್ತದೆ.

ಉತ್ತರದ ನೆಲ

ಖಂಡಿತ ನೋಡುತ್ತೇನೆ ಅಣ್ಣ. ಈ ಶನಿವಾರ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ, ಅವಳಿಗೆ ಚಿತ್ರ ಬರೆಯಲು ಬರುತ್ತದೆ, ಮೂರು ಕಡೆಯದೂ ಬರೆಸಿ ಇಲ್ಲಿಗೆ ಹಾಕುತ್ತೇನೆ. ಮುಟ್ಟಿ ಅಳೆಯಲು ಬಿಡುವುದಿಲ್ಲ, ಕಣ್ಣಳತೆಯೇ ಗತಿ.